ಆಕ್ಟರಜ್ಜನ ಗಡ್ಡ

ಕಳೆದ ವಾರ, ಕೇರಳದ ಗಡಿ ಅಂಚಿನ ನಮ್ಮ ವರ್ಕಾಡಿಯ ಶಾಲೆಯ ವಾರ್ಷಿಕೋತ್ಸವಕ್ಕೆ ಬಣ್ಣ ಹಚ್ಚಲು ಬಂದವರು ನನ್ನ ಸೆಲೂನಿನಲ್ಲೇ ಪೆಟ್ಟಿಗೆ ಬಿಚ್ಚಿದರು. ಶಾಲೆಯಲ್ಲಿ ಒಳ್ಳೆಯ ಕನ್ನಡಿ ಇಲ್ಲವಂತೆ. ಪುಟ್ಟ ಹುಡುಗಿಯೊಬ್ಬಳನ್ನು ಕುರ್ಚಿಗೆ ಹತ್ತಿಸಿ, ರಾಜನ ಮೀಸೆ ಅಂಟಿಸಲು ಗೋಂದಿನ ಬಾಟಲಿ ತೆರೆದದ್ದೇ ತಡ, ಸ್ಪಿರಿಟ್ಟೂ ರಾಳವೂ ಬೆರೆತ ಘಾಟು ಅಂಗಡಿ ತುಂಬ ಹಬ್ಬಿತು. ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಕತ್ತರಿ ಕೆಳಗಿಟ್ಟು ಹೊರಗೆ ಬಂದು ನಿಂತೆ. ಆ ವಾಸನೆ ನನಗೆ ಹಳೆಯ ಪರಿಚಯ... ಒಬ್ಬ ಮುದುಕರ ಕೈಚೀಲದ ವಾಸನೆ ಅದು.

ಊರಿನವರು ಅವರನ್ನು ಆಕ್ಟರಜ್ಜ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಹುಟ್ಟಿದ್ದು ಅಡೂರಿನ ಕಡೆ. ಮೀಸೆ ಚಿಗುರುವ ಮೊದಲೇ ನಾಟಕ ಕಂಪನಿಯೊಂದರ ಬೆನ್ನು ಹತ್ತಿ ಘಟ್ಟ ಏರಿದವರು, ಕಂಪನಿಯಲ್ಲಿ ಮೊದಲು ಸಖಿ, ಆಮೇಲೆ ರಾಜಕುಮಾರ, ಆಮೇಲೆ ಖಳನಾಯಕ. ಅಲ್ಲಿಂದ ಮದ್ರಾಸಿಗೆ. ಕಪ್ಪು ಬಿಳುಪಿನ ಕಾಲದ ಸಿನಿಮಾಗಳಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಡಾಕ್ಟರನ ಪಾತ್ರ. ಚರ್ಮದ ಚೀಲ ಹಿಡಿದು ಬಂದು, ನಾಡಿ ನೋಡಿ, ತಲೆಯಾಡಿಸಿ ಹೊರಟುಹೋಗುವ ಡಾಕ್ಟರು.

"ಎಷ್ಟು ಜನರನ್ನು ಕೊಂದಿದ್ದೀರಿ ಅಜ್ಜ?" ಎಂದು ನಾನು ಕೀಟಲೆ ಮಾಡುತ್ತಿದ್ದೆ.

"ನಾಯಕರ ತಾಯಂದಿರನ್ನೆಲ್ಲ ಕೊಂದದ್ದು ನಾನೇ ಮಾರಾಯ. ಒಬ್ಬಳನ್ನೂ ಉಳಿಸಲಿಲ್ಲ," ಎನ್ನುತ್ತಿದ್ದರು.

ಸಿನಿಮಾಕ್ಕೆ ಬಣ್ಣ ಬಂತು, ಮದ್ರಾಸಿನಲ್ಲಿದ್ದ ಕನ್ನಡದವರೆಲ್ಲ ಬೆಂಗಳೂರಿಗೆ ಹೋದರು, ಅವರನ್ನು ಕರೆಯುವವರು ಕಡಿಮೆಯಾದರು. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆ ಮನುಷ್ಯ, ಎರಡು ಸಾವಿರದ ಇಸವಿ ದಾಟಿದ ಹೊತ್ತಿನಲ್ಲಿ ನಮ್ಮೂರಿಗೆ ಬಂದು ರೇಷನ್ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ ಹಿಡಿದರು. ಬಂದದ್ದು ಹುಟ್ಟಿದ ಸೀಮೆಗೇ, ಆದರೆ ಇಲ್ಲಿ ಅವರನ್ನು ಬಲ್ಲವರೇ ಇರಲಿಲ್ಲ. ನಮ್ಮಲ್ಲಿ ಸಿನಿಮಾ ಎಂದರೆ ಮಲಯಾಳ, ವೇಷ ಎಂದರೆ ಯಕ್ಷಗಾನ. ಅವರು ಅಭಿನಯಿಸಿದ ಒಂದು ಸಿನಿಮಾವನ್ನೂ ಯಾರೂ ನೋಡಿರಲಿಲ್ಲ. ಕಲಾವಿದರ ಪೆನ್ಶನ್ ಕೇಳಲು ಹೋದರೆ ಗಡಿಯಾಚೆಯ ಕನ್ನಡ ರಾಜ್ಯದವರು ನೀವು ಕೇರಳದವರಲ್ಲವೇ ಎಂದರಂತೆ, ಈ ರಾಜ್ಯದವರು ನಿಮ್ಮ ಸಿನಿಮಾ ಕನ್ನಡದ್ದಲ್ಲವೇ ಎಂದರಂತೆ. ಗಡಿಯ ಗೆರೆ ನಮಗೆಲ್ಲ ಕಾಲಡಿಯಲ್ಲಿದ್ದರೆ, ಅವರಿಗೆ ಎದೆಯ ಮೇಲೆಯೇ ಹಾದುಹೋಗಿತ್ತು.

ನನ್ನ ಅಂಗಡಿಯ ಬೆಂಚಿನಲ್ಲಿ ಕೂತವರು ಅಜ್ಜ ಎದ್ದು ಹೋದ ಮೇಲೆ, "ಎಂತ ರೈಲು ಬಿಡ್ತಾರೆ ಈ ಅಜ್ಜ!" ಎಂದು ನಗುತ್ತಿದ್ದರು. ಅಜ್ಜನಿಗೆ ಅದು ಕೇಳಿಸಿರಲಿಲ್ಲವೆಂದು ನನಗೆ ಅನಿಸುವುದಿಲ್ಲ. ಸಾಯುವ ಮೊದಲು ಒಮ್ಮೆ ತನ್ನ ಮುಖ ತೆರೆಯ ಮೇಲೆ ಬರಬೇಕು, ಅದನ್ನು ಈ ಊರು ನೋಡಬೇಕು. ಅವರ ಆಸೆ ಅಷ್ಟೇ. ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ್ದರು.

ಅದಕ್ಕೇ ಅವರು ದಿನವೂ ಮುಖಕ್ಷೌರಕ್ಕೆ ಬರುತ್ತಿದ್ದರು. ಎಪ್ಪತ್ತರ ಹತ್ತಿರದ ಮುದುಕರಿಗೆ ದಿನಾ ಯಾತಕ್ಕೆ ಎಂದು ಮೊದಲು ನಾನೂ ಗೊಣಗಿದ್ದುಂಟು. ಕಂಪನಿಯ ಕಟ್ಟಳೆಯಂತೆ ಅದು. ಬಣ್ಣದವನಿಗೆ ತನ್ನದೆಂಬ ಮೀಸೆ ಇರಬಾರದು, ಗಡ್ಡ ಇರಬಾರದು. ಮುಖ ಸಾರಿಸಿದ ಅಂಗಳದ ಹಾಗೆ ಇರಬೇಕು. ಬೇಕಾದ ಮೀಸೆಯನ್ನು ಮತ್ತೆ ಅಂಟಿಸಿಕೊಂಡರಾಯಿತು. "ನಾಳೆ ಕರೆ ಬಂದರೆ?" ಎನ್ನುತ್ತಿದ್ದರು. ಕರೆ ಬರಲಿಲ್ಲ. ವರ್ಷಗಳು ಹೋದವು, ನನ್ನ ತಲೆಯೂ ನರೆಯಿತು. ಅವರು ಮಾತ್ರ ಬೆಳಿಗ್ಗೆ ಬಂದು, ಕುರ್ಚಿಯಲ್ಲಿ ಕೂತು, ಕೆನ್ನೆ ಎತ್ತಿ ಕೊಡುತ್ತಿದ್ದರು.

ಆಮೇಲೆ ಒಂದು ದಿನ ಕರೆ ಬಂದೇ ಬಂತು! ನಮ್ಮ ಕಡೆ ಮಲಯಾಳ ಸಿನಿಮಾದವರು ಶೂಟಿಂಗಿಗೆ ಬರಲು ಶುರುಮಾಡಿದ್ದ ಕಾಲ. ತೆಂಕು ಕೇರಳದಿಂದ ಬಂದ ಒಬ್ಬಳು ಹುಡುಗಿ, ನಿರ್ದೇಶಕರ ಸಹಾಯಕಿಯಂತೆ, ಕನ್ನಡ ಮಾತಾಡುವ ಒಬ್ಬ ಮುದುಕರು ಬೇಕೆಂದು ಅಂಗಡಿ ಅಂಗಡಿ ಕೇಳುತ್ತ ಬಂದಳು. ನಾನು ಕುರ್ಚಿಯಲ್ಲಿದ್ದವರನ್ನೇ ತೋರಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಕೂತ ಅಜ್ಜನ ಪಾತ್ರ. ಬಸ್ಸಿಗೆ ಕಾಯುವ ಹೆಣ್ಣೊಬ್ಬಳಿಗೆ ಹೇಳಬೇಕಾದ ಒಂದೇ ಮಾತು: "ಇನ್ನು ಬಸ್ಸಿಲ್ಲ ಮಗಾ, ಮನೆಗೆ ಹೋಗು." ಹುಡುಗಿ ಮಲಯಾಳದಲ್ಲಿ ಹೇಳಿದ ಷರತ್ತನ್ನು ಅವರಿಗೆ ಕನ್ನಡದಲ್ಲಿ ಹೇಳಿದವನು ನಾನೇ. ಶೂಟಿಂಗಿನ ದಿನದ ತನಕ ಶೇವ್ ಮಾಡಬಾರದು. ಮೇಕಪ್ ಇಲ್ಲ, ಅಂಟಿಸಿದ ಗಡ್ಡ ಆಗದು. ಕ್ಯಾಮೆರಾ ಮುಖದ ಹತ್ತಿರವೇ ಬರುತ್ತದೆ.

"ಅಷ್ಟೇ ತಾನೆ, ಬಿಡುವಾ," ಎಂದರು. ಆದರೆ ಗಡ್ಡ ಬಿಡುವುದು ಅವರಿಗೆ ಸುಲಭವಾಗಲಿಲ್ಲ. ದಿನವೂ ಬಂದು ಸುಮ್ಮನೆ ಕುರ್ಚಿಯಲ್ಲಿ ಕೂರುವರು. ಬಿಳಿಯ ಕೂಳೆ ಎದ್ದ ಕೆನ್ನೆಯನ್ನು ಕನ್ನಡಿಯಲ್ಲಿ ನೋಡಿ, "ಇದು ಯಾರು ಮಾರಾಯ? ನನಗೇ ಪರಿಚಯ ಇಲ್ಲ," ಎನ್ನುವರು. ಆ ಒಂದು ಮಾತನ್ನು ಮೆಲ್ಲನೆ, ಗದರಿಸಿ, ನಗುತ್ತ, ನಿಟ್ಟುಸಿರಿಟ್ಟು ಹೇಳಿ ನೋಡುವರು. ಬೆಂಚಿನಲ್ಲಿ ಕೂತವರು ಈಗ ನಗುತ್ತಿರಲಿಲ್ಲ. ಅಜ್ಜ ಹೇಳಿದ್ದರಲ್ಲಿ ಸತ್ಯ ಉಂಟೋ ಏನೋ ಎಂದು ಅವರಿಗೂ ಅನಿಸತೊಡಗಿತ್ತು. ಅಜ್ಜನ ಬೆನ್ನು ಆ ದಿನಗಳಲ್ಲಿ ಎಷ್ಟು ನೆಟ್ಟಗಿತ್ತು! ನನಗೂ ಖುಷಿಯೋ ಖುಷಿ.

ಶೂಟಿಂಗ್ ಬಂದದ್ದು ಮಂಗಳವಾರ. ಮಂಗಳವಾರ ನಮ್ಮ ಕಸುಬಿನವರಿಗೆಲ್ಲ ರಜೆ. ನಾನೇ ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದೆ. ಬೆಳಿಗ್ಗೆ ಬಾಡಿಗೆಯ ಜೀಪು ನಿಲ್ಲಿಸಿ ಮಾಳಿಗೆ ಹತ್ತಿದರೆ, ಅವರು ಸ್ನಾನ ಮುಗಿಸಿ, ಬಿಳಿ ಪಂಚೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟು ಕೂತಿದ್ದರು. ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು. ಗಲ್ಲದ ಹತ್ತಿರ ಗೀರಿದ ಗಾಯಕ್ಕೆ ಕಾಗದದ ಚೂರು ಅಂಟಿಸಿಕೊಂಡಿದ್ದರು.

"ಅಜ್ಜಾ, ಎಂತ ಮಾಡಿದ್ದು ನೀವು!"

ಅವರ ಕೈ ಕೆನ್ನೆಗೆ ಹೋಯಿತು. ನಾನು ಕೂಗುವವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ. ಬಣ್ಣ ಹಚ್ಚುವ ದಿನ ಬೆಳಿಗ್ಗೆ ಎದ್ದೊಡನೆ ಮುಖ ಬೋಳಿಸಿ, ಸ್ನಾನ ಮಾಡಿ, ಬಣ್ಣದ ಪೆಟ್ಟಿಗೆಗೆ ಕೈಮುಗಿಯುವುದು ಒಂದು ಆಯುಷ್ಯದ ಅಭ್ಯಾಸ. ಸಂಭ್ರಮದಲ್ಲಿ ಕೈ ತನ್ನಷ್ಟಕ್ಕೇ ಕತ್ತಿ ಹಿಡಿದಿತ್ತು. ಅವರು ಕೆನ್ನೆ ಸವರಿಕೊಳ್ಳುತ್ತಲೇ ಇದ್ದರು. "ಆಗ್ಲಿಕ್ಕಿಲ್ಲವಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಹೋಗಿ ನೋಡುವಾ ಎಂದು ಜೀಪು ಹತ್ತಿಸಿದೆ.

ನಿರ್ದೇಶಕ ಇನ್ನೂ ಎಳೆಯ, ಒಳ್ಳೆಯವ. ಸಿಟ್ಟು ಮಾಡಲಿಲ್ಲ, ಅಜ್ಜನ ಮುಖ ನೋಡಿ ಆಗದು ಎಂದು ತಲೆಯಾಡಿಸಿದ. ಆಗ ಅಜ್ಜ ಕೈಚೀಲದಿಂದ ಗೋಂದಿನ ಬಾಟಲಿ, ಒಂದು ಹಿಡಿ ಬಿಳಿ ಕೂದಲು ಹೊರತೆಗೆದರು. "ಒಂದು ಗಳಿಗೆ ಸಾಕು, ನಾನೇ ಅಂಟಿಸಿಕೊಳ್ಳುತ್ತೇನೆ. ಯಾರಿಗೂ ಗೊತ್ತಾಗದು," ಎಂದರು. ವಾಸನೆಗೆ ಸುತ್ತ ಇದ್ದ ಹುಡುಗರು ಮೂಗು ಹಿಂಡಿ ನಕ್ಕರು. ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೂ ನಾಲ್ಕು ಬಾರಿಸಬೇಕೆನಿಸಿತು ನನಗೆ.

ಶೂಟಿಂಗ್ ನೋಡಲು ಬಂದು ನಿಂತಿದ್ದ ಒಬ್ಬ ವಯಸ್ಸಾದ ಬೀಡಿ ಕಟ್ಟುವವನಿಗೆ ವಾರದ ಬಿಳಿ ಗಡ್ಡ ಇತ್ತು. ಪಾತ್ರ ಅವನ ಪಾಲಾಯಿತು. ಅವನೋ ಮಾತು ತೊದಲಿ, ಬೆವತುಹೋದ. ಆಗ ಆಕ್ಟರಜ್ಜನೇ ಎದ್ದು ಅವನ ಹತ್ತಿರ ಹೋದರು. ಹೆಗಲ ಮೇಲೆ ಕೈಯಿಟ್ಟು, "ಜನರನ್ನು ನೋಡಬೇಡ. ಆ ಹೆಣ್ಣು ನಿನ್ನ ಮಗಳು ಅಂತ ತಿಳ್ಕೊ. ಕತ್ತಲಾಗ್ತಾ ಉಂಟು, ಅವಳು ಮನೆಗೆ ಹೋಗಬೇಕು. ಅಷ್ಟೇ," ಎಂದರು. ಬೀಡಿಯವ ಹಾಗೇ ಹೇಳಿದ. ನಿರ್ದೇಶಕ ಚಪ್ಪಾಳೆ ತಟ್ಟಿದ.

ಸಿನಿಮಾದವರಿಗೆ ಪಾಪ ಅನಿಸಿರಬೇಕು, ಅಜ್ಜನನ್ನೂ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ, ಬೀಡಿಯವನ ಕಡೆ ಮುಖಮಾಡಿಸಿ ಕೂರಿಸಿದರು. ಕ್ಯಾಮೆರಾ ಎಲ್ಲಿ ಎಂದು ಅಜ್ಜ ಕೇಳಿದರು. "ನಿಮ್ಮ ಹಿಂದೆ ಉಂಟು ಅಜ್ಜ," ಎಂದೆ. ಅವರು ತಿರುಗಿ ನೋಡಲಿಲ್ಲ. ಕಟ್ ಎನ್ನುವ ತನಕ ಅಲುಗದೆ ಕೂತಿದ್ದರು. ಮರಳಿ ಬರುವಾಗ ಜೀಪಿನಲ್ಲಿ ಒಂದೇ ಮಾತು ಕೇಳಿದರು, "ಚಂದ ಕೂತಿದ್ದೆನಾ?" ನಾನು ಹೂಂ ಎಂದೆ.

ಮರುದಿನ ಬೆಳಿಗ್ಗೆ ಅವರು ಬರಲಿಲ್ಲ. ಅದರ ಮರುದಿನವೂ... ನಾನೇ ಕತ್ತಿ ಹಿಡಿದು ಮಾಳಿಗೆ ಹತ್ತಿದೆ. "ಇನ್ನು ಯಾತಕ್ಕೆ, ಬೆಳೆಯಲಿ ಬಿಡು," ಎಂದರು. ಬೆಳೆಯಿತು. ಎದೆಯ ತನಕ ಇಳಿಯಿತು. ತಲೆಗೂದಲನ್ನೂ ಕತ್ತರಿಸಲು ಬಿಡಲಿಲ್ಲ. ಹೊಸದಾಗಿ ಊರಿಗೆ ಬಂದವರು ಯಾರೋ ಸನ್ಯಾಸಿ ಎಂದುಕೊಂಡು ಕೈಮುಗಿಯುತ್ತಿದ್ದರು. ಸಿನಿಮಾ ಬಿಡುಗಡೆಯಾಗುವ ಮೊದಲೇ, ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅಡೂರಿನಿಂದ ದೂರದ ನೆಂಟರೊಬ್ಬರು ಬಂದು ಕೆಲಸ ಮುಗಿಸಿ ಹೋದರು. ಊರಿನಲ್ಲಿ ಅಳುವವರು ಇರಲಿಲ್ಲ. ನಾನು ಅತ್ತೆ.

ಸಿನಿಮಾ ಚೆನ್ನಾಗಿ ಓಡಿತು. ಈಗ ನಮ್ಮೂರಿನಲ್ಲಿ ಆಕ್ಟರ್ ಎಂದರೆ ಆ ಬೀಡಿಯವ. ಮದುವೆ ಮನೆಗಳಲ್ಲಿ ಅವನ ಜತೆ ಫೋಟೊ ತೆಗೆಸಿಕೊಳ್ಳುತ್ತಾರೆ, ನನಗೇನೂ ಹೊಟ್ಟೆಕಿಚ್ಚಿಲ್ಲ. ನನ್ನ ಅಂಗಡಿಯ ಟಿವಿಯಲ್ಲಿ ಆಗೊಮ್ಮೆ ಈಗೊಮ್ಮೆ ಆ ಸಿನಿಮಾ ಬರುತ್ತದೆ. ಬಸ್ ಸ್ಟ್ಯಾಂಡಿನ ದೃಶ್ಯ ಬಂದಾಗ ಬೆಂಚಿನವರೆಲ್ಲ ಬೀಡಿಯವನನ್ನು ನೋಡಿ ಹೋ ಎನ್ನುತ್ತಾರೆ. ನಾನು ಟಿವಿಯೊಳಗಿನ ಬೆಂಚಿನ ಈಚೆ ತುದಿ ನೋಡುತ್ತೇನೆ. ಅಲ್ಲಿ ಒಂದು ಕತ್ತಿನ ಹಿಂಭಾಗ, ನೆತ್ತಿಯಲ್ಲಿ ಅಕ್ಕಪಕ್ಕ ಎರಡು ಸುಳಿ, ಬಲಗಿವಿಯ ಹಿಂದೆ ಎಷ್ಟು ಬಾಚಿದರೂ ಕೂರದ ಒಂದು ಎಳೆ ಕೂದಲು. ಕ್ಷೌರಿಕನಿಗೆ ಗಿರಾಕಿಯ ಮುಖ ಮರೆತೀತು, ಇದು ಮರೆಯದು. ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ. ಎಂತಾಯ್ತು ಎಂದು ಕುರ್ಚಿಯಲ್ಲಿದ್ದವರು ಕೇಳುತ್ತಾರೆ. ಅಲ್ಲಿ ಕೂತವರು ಆಕ್ಟರಜ್ಜ ಎಂದು ಎಷ್ಟೋ ಸಲ ಹೇಳಿ ನೋಡಿದ್ದೇನೆ.

"ಎಂತ ರೈಲು ಬಿಡ್ತೀರಿ ಅಣ್ಣ," ಎಂದು ನಗುತ್ತಾರೆ.