ಕ್ಯಾಸೆಟ್ ಹಾಡುಗಾರ್ತಿಯ ಗೌನು

ದುಬೈಯ ಅಲ್ ಕುಸೈಸ್‌ನ ಟೈಲರ್ ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನ ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತಿರುವವರು ಉಳ್ಳಾಲದ ಹಸನಬ್ಬ ಬ್ಯಾರಿಗಳು. ಗೋಡೆಯ ಮೇಲೆ ಒಂದು ಹಳೆಯ ಕ್ಯಾಸೆಟ್ಟಿನ ಕವರಿನ ಚಿತ್ರ: ಹೆಗಲಿಗೆ ಗಿಟಾರ್ ಹಾಕಿಕೊಂಡ, ನೆರಿಗೆ ಗೌನಿನ, ಅಮೆರಿಕದ ಕಂಟ್ರಿ ಸಂಗೀತದ ಹಾಡುಗಾರ್ತಿ.

"ನಿಮಗೆ ಕಂಟ್ರಿ ಹಾಡಿನ ಹುಚ್ಚುಂಟಾ?" ಎಂದೆ.

"ಹಾಡು ಆಮೇಲೆ ಬಂದದ್ದು ಮಾರಾಯ್ರೆ. ಮೊದಲು ಬಂದದ್ದು ಗೌನು."

ಇಪ್ಪತ್ತು ವರ್ಷದ ಹಿಂದೆ ಫಿಲಿಪೀನ್ಸಿನ ನರ್ಸ್ ಲಿಂಡಾ ಈ ಚಿತ್ರವಿದ್ದ ಕ್ಯಾಸೆಟ್ ಕೊಟ್ಟು, ಇಂಥದೇ ಗೌನು ಬೇಕು ಎಂದರಂತೆ. ಇವರು ಚಿತ್ರದಲ್ಲಿದ್ದ ಹಾಗೆಯೇ ಹೊಲಿದರು. ಗಿಟಾರಿನ ಭಾರಕ್ಕೆ ಜಗ್ಗಿದ್ದ ಎಡ ಹೆಗಲನ್ನೂ ಬಿಡದೆ, ಅರ್ಧ ಇಂಚು ತಗ್ಗಿಸಿ! ಕನ್ನಡಿ ನೋಡಿ ಲಿಂಡಾ ಬಿದ್ದು ಬಿದ್ದು ನಕ್ಕರು. ಹೆಗಲು ಸರಿಮಾಡಿಸಿಕೊಂಡು, ಕ್ಯಾಸೆಟ್ಟನ್ನು ಇವರಿಗೇ ಬಿಟ್ಟುಹೋದರು. ಟೇಪು ಸವೆದು ತುಂಡಾಗುವವರೆಗೂ ಬ್ಯಾರಿಗಳು ಅದನ್ನು ಕೇಳಿದರು. ಈಗ ಅವೇ ಹಾಡುಗಳು ಫೋನಿನಲ್ಲಿ.

"ಇವತ್ತು ಲಿಂಡಾ ಆ ಗೌನು ತರ್ತಾಳಂತೆ. ಹೆಗಲಿನದ್ದು ಪುನಃ ಎಂತದೋ ಉಂಟಂತೆ," ಎಂದು ಅವರು ಬಾಗಿಲ ಕಡೆಗೇ ನೋಡುತ್ತಿದ್ದರು. ಅಷ್ಟು ವರ್ಷದ ಹಿಂದಿನ ತಪ್ಪಿನ ನಾಚಿಕೆ ಇನ್ನೂ ಮುಖದಲ್ಲಿತ್ತು.

ಲಿಂಡಾ ಬಂದರು. ಅವರ ಹಿಂದೆ ಮಗಳು, ಅಮ್ಮನ ಗೌನು ತೊಟ್ಟು, ಎಡ ಹೆಗಲಿಗೆ ಗಿಟಾರ್ ಹಾಕಿಕೊಂಡು. ಶುಕ್ರವಾರ ಅಬುಧಾಬಿಯಲ್ಲಿ ಆ ಕ್ಯಾಸೆಟ್ಟಿನ ಹಾಡುಗಳನ್ನೆಲ್ಲ ಹಾಡುತ್ತಾಳಂತೆ. ಗಿಟಾರಿನ ಪಟ್ಟಿಯ ಕೆಳಗೆ ಬಟ್ಟೆ ಮುದ್ದೆಯಾಗಿ ಉಬ್ಬಿ ನಿಂತಿತ್ತು.

"ಭಾಯ್," ಎಂದರು ಲಿಂಡಾ ತಮ್ಮ ಹಿಂದಿಯಲ್ಲಿ, "ನೀವು ಮೊದಲು ಹೊಲಿದಿದ್ರಲ್ಲ, ಹಾಗೇ ಮಾಡಿಕೊಡಿ."

ಬ್ಯಾರಿಗಳು ಹುಡುಗಿಯ ಹೆಗಲು ನೋಡಿದರು, ಗೋಡೆಯ ಚಿತ್ರ ನೋಡಿದರು. ನನ್ನ ಪ್ಯಾಂಟನ್ನು ಮೆಷಿನ್ನಿನಿಂದ ಎಳೆದು ಪಕ್ಕಕ್ಕಿಟ್ಟರು.

"ನಿಮ್ಮದು ನಾಳೆ ಆಯ್ತಾ?"