ಟೀಚರ್ ಬಿಡಿಸಿ ಹೇಳಿದ ಅಡೋಲೆಸೆನ್ಸ್

ನಮ್ಮ ಇಂಗ್ಲಿಷ್ ಟೀಚರ ಮೇಲ್ದುಟಿಯ ಮೇಲೆ ಚಳಿಗಾಲದಲ್ಲೂ ಬೆವರ ಹನಿ ಸಾಲುಗಟ್ಟಿರುತ್ತಿತ್ತು. ಹುಣಸೂರಿನಿಂದ ಗಾವಡಗೆರೆ ಕಡೆಯ ನಮ್ಮ ಹೈಸ್ಕೂಲಿಗೆ ಬಸ್ಸಿನಲ್ಲಿ ಬರುತ್ತಿದ್ದರು. ನಾಯಿ ಕಂಡರೆ ಹೆದರಿಕೆ, ಹೆಡ್‌ಮಾಸ್ಟರ್ ಕಂಡರೆ ಹೆದರಿಕೆ. ನಮಗಂತೂ ಅವರೆಂದರೆ ತಮಾಷೆ. ಆದರೆ ಯಾವ ಪದ ಸಿಕ್ಕಿದರೂ ಅದರ ಹುಟ್ಟೂರು ಹುಡುಕದೆ ಬಿಡುತ್ತಿರಲಿಲ್ಲ. "ಎಲ್ಲಿಂದ ಬಂತು ಅಂತ ಕೇಳಿ, ಆಮೇಲೆ ಬಾಯಿಪಾಠ ಮಾಡಿ" ಎನ್ನುತ್ತಿದ್ದರು.

ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಬೋರ್ಡಿನ ಮೇಲೆ ‘ಅಡೋಲೆಸೆನ್ಸ್’ ಎಂದು ಬರೆದರು. ಹುಡುಗರು ಕಿಸಕ್ಕನೆ ನಕ್ಕರು, ನಾವು ಹುಡುಗಿಯರು ತಲೆ ತಗ್ಗಿಸಿದೆವು. ಇದು ಲ್ಯಾಟಿನ್ನಿನಿಂದ ಬಂದ ಪದ, ಬೆಳೆಯುತ್ತಿರುವ ಕಾಲ ಎಂದರ್ಥ, ಇದರ ಬುಡದಲ್ಲಿರುವುದು ಉಣಿಸಿ ಸಾಕುವುದು ಎನ್ನುವ ಮಾತು ಎಂದರು. ಬೆಳೆದು ಮುಗಿದವರಿಗೆ ಹೇಳುವ ‘ಅಡಲ್ಟ್’ ಕೂಡ ಅಲ್ಲಿಂದಲೇ ಬಂದದ್ದಂತೆ. ಎರಡರ ನಡುವೆ ವರ್ಷಗಳಿವೆ, ಯಾರೂ ಅವಸರ ಮಾಡಬಾರದು ಎಂದರು.

ಆ ವರ್ಷದ ಹೊಗೆಸೊಪ್ಪು ಮಾರಿದ ಮೇಲೆ ಸೋದರಮಾವನ ಜೊತೆ ನನ್ನ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು. ಮಾವನ ಬೈಕಿನ ಸದ್ದು ಕೇಳಿದರೆ ಹಿತ್ತಿಲಿಗೆ ಓಡುತ್ತಿದ್ದೆ. ಕ್ಲಾಸು ಮುಗಿದ ಮೇಲೆ ಹೇಗೋ ಬಾಯಿಬಿಟ್ಟೆ. ಟೀಚರ್ ನನಗಿಂತ ಹೆಚ್ಚು ಬಿಳುಚಿಕೊಂಡರು.

ಶನಿವಾರ ಮಧ್ಯಾಹ್ನ ಅವರು ಹೊಗೆಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯ ಹತ್ತಿರ ಬಂದೇಬಿಟ್ಟರು. ಅಪ್ಪ ಒಲೆಗೆ ಸೌದೆ ತಳ್ಳುತ್ತಿದ್ದ, ಅವ್ವ ಮತ್ತು ನಾನು ಕಡ್ಡಿಗೆ ಎಲೆ ಕಟ್ಟುತ್ತಿದ್ದೆವು, ಮಾವ ಬೈಕಿನ ಮೇಲೆ ಕೂತಿದ್ದ. ಹದಿನೆಂಟು ತುಂಬದೆ ಮದುವೆ ಮಾಡುವಂತಿಲ್ಲ ಎಂದು ಕಾನೂನು ಹೇಳಲು ಬಂದಿದ್ದ ಟೀಚರ್, ಮಾವನ ಮುಖ ನೋಡಿದ್ದೇ ಎಲ್ಲ ಮರೆತು ಕ್ಲಾಸಿನ ಪಾಠವನ್ನೇ ಒಪ್ಪಿಸತೊಡಗಿದರು. ಲ್ಯಾಟಿನ್, ಬೆಳೆಯುವುದು, ಉಣಿಸುವುದು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಮಾವ ನಕ್ಕ. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಅವ್ವ ಮಾತ್ರ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು. ಹದಿನಾಲ್ಕಕ್ಕೇ ನಮ್ಮ ಮನೆಗೆ ಸೊಸೆಯಾಗಿ ಬಂದವಳು ಅವಳು. ತಮ್ಮನ ಕಡೆ ತಿರುಗಿ, "ಇವಳಿಗೆ ಇನ್ನೂ ನಾನೇ ಉಣ್ಣಕ್ಕಿಕ್ಕಬೇಕು ಕಣ್ಲಾ. ನೀನು ಬ್ಯಾರೆ ಕಡೆ ಎಣ್ಣು ನೋಡ್ಕೊ, ಓಗು" ಎಂದಳು. ಅಪ್ಪ ಒಲೆಗೆ ಇನ್ನೊಂದು ಸೌದೆ ತಳ್ಳಿದ.

ಮಾವ ಬೈಕ್ ಸ್ಟಾರ್ಟ್ ಮಾಡಿ, "ಸೋಮವಾರ ಅದೆಂಗೆ ಸ್ಕೂಲಿಗೆ ಬತ್ತೀಯೋ ನೋಡ್ತೀನಿ" ಎಂದು ಟೀಚರಿಗೆ ಏಕವಚನದಲ್ಲೇ ಹೇಳಿ ಹೋದ. ಭಾನುವಾರವೆಲ್ಲ ನನಗೆ ಅದೇ ಯೋಚನೆ. ಅವರಿಗೇನಾದರೂ ಆದರೆ ಅದು ನನ್ನಿಂದ. ಅವರು ಹೆದರಿ ಬರದೇ ಹೋದರೆ ಅವ್ವನ ಧೈರ್ಯವೂ ಇಳಿಯುತ್ತದೆ. ಸೋಮವಾರ ಶಾಲೆಯ ಗೇಟಿನಲ್ಲಿ ನಿಂತಿದ್ದೆ. ಎದುರಿಗೇ ಮಾವನೂ ಬೈಕ್ ನಿಲ್ಲಿಸಿಕೊಂಡಿದ್ದ. ಬಸ್ಸು ಬಂತು. ಟೀಚರ್ ಇಳಿದು ಅವನ ಮುಂದೆಯೇ ನಡೆದು ಬಂದು, ಹೋಂವರ್ಕ್ ಮಾಡಿದ್ದೀಯಾ ಎಂದು ನನ್ನನ್ನು ಕೇಳಿದರು.

ಆ ಮದುವೆಯ ಮಾತು ಮತ್ತೆ ಏಳಲಿಲ್ಲ. ನಾನೀಗ ಹುಣಸೂರಿನಲ್ಲಿ ನರ್ಸು. ಹೋದ ತಿಂಗಳು ಟೀಚರ್ ತೀರಿಕೊಂಡರು. ಅವರ ಧೈರ್ಯದಿಂದ ಬದುಕಿಕೊಂಡೆ ಎಂದು ಅವರ ಮಗಳ ಮುಂದೆ ಹೇಳಿ ಅತ್ತೆ.

"ಧೈರ್ಯ ಎಲ್ಲಿತ್ತಕ್ಕ? ಆ ಭಾನುವಾರ ಪೂರ್ತಿ ಬಾಗಿಲಿಗೆ ಅಗಳಿ ಹಾಕ್ಕೊಂಡು ಕೂತಿದ್ರು. ರಜಾ ಹಾಕ್ತೀನಿ ಅಂತಿದ್ರು. ಬೆಳಿಗ್ಗೆ ಎದ್ದು, ನಾನು ಹೋಗದಿದ್ರೆ ಆ ಮಗು ಹೆದರ್ಕೊಳ್ಳುತ್ತೆ ಅಂತ ಹೊರಟ್ರು" ಎಂದಳು.