ಟವಲು ಹಾಕಿದ ಸೈಕಲ್ ಲೆಕ್ಕಕ್ಕಿಲ್ಲ

ಬೆಳಗಿನ ಐದೂವರೆ. ಕೊಳ್ಳೇಗಾಲದ ಭೀಮನಗರದ ಸೈಕಲ್ ಸ್ಟ್ಯಾಂಡಿನ ಮುಂದೆ ಯಶೋದ ನೋಟ್‌ಬುಕ್ ಹಿಡಿದು ನಿಂತಿದ್ದಾರೆ. ನಾಲ್ಕು ಸೈಕಲ್ ಇವೆ, ಎರಡರ ಸೀಟಿನ ಮೇಲೆ ಟವಲು. ಸಿಗುವ ಸೈಕಲ್ ಎಂದು ಅವರು ಬರೆದುಕೊಳ್ಳುವುದು ಎರಡನ್ನು ಮಾತ್ರ. ಇಷ್ಟು ಸಣ್ಣ ಲೆಕ್ಕ ಕಲಿಯಲು ಪಾಪ, ಇನ್ನೊಬ್ಬರ ಬಸ್ಸು ತಪ್ಪಬೇಕಾಯಿತು.

ನಲವತ್ತೊಂದರ ಯಶೋದ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾರೆ, ದಿನಕ್ಕೆ ನಲವತ್ತು ಐವತ್ತು ಅರ್ಜಿ. ಊರಿನ ಗೆಳೆಯರ ಬಳಗವೊಂದು ಐದು ಬಡಾವಣೆಗಳಲ್ಲಿ ಇಪ್ಪತ್ತೆರಡು ಸೈಕಲ್ ಇಟ್ಟಿದೆ. ಯಾರು ಬೇಕಾದರೂ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡಬಹುದು. ಎಲ್ಲಿ ಎಷ್ಟಿವೆ ಎಂದು ಮೊಬೈಲಿನಲ್ಲಿ ತೋರಿಸುವ ಪುಟ ಮಾಡಬೇಕೆಂಬುದು ಯಶೋದರ ಹುಚ್ಚು. ಯಾರೂ ಹೇಳಿ ಮಾಡಿಸುತ್ತಿರುವುದಲ್ಲ.

"ಬ್ಯಾರೆಯವ್ರ ಅರ್ಜಿ ಟೈಪ್ ಮಾಡಿ ಮಾಡಿ ಸಾಕಾಗಿತ್ತು ಸಾ. ನಂದೂ ಅಂತ ಒಂದ್ ಮಾಡವ ಅನ್ನಿಸ್ತು."

ಪುಟಕ್ಕೆ ಮೊದಲು ಪರೀಕ್ಷೆಗೆಂದು, ಬೆಳಗ್ಗೆ ಎಣಿಸಿ ಪರಿಚಯದವರ ವಾಟ್ಸಾಪ್ ಗುಂಪಿಗೆ ಹಾಕತೊಡಗಿದರು. ಒಂದು ದಿನ 'ಭೀಮನಗರ ಎರಡು' ಎಂದಿತ್ತು. ಹನೂರಿನ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡಲು ದಿನಾ ಇಲ್ಲಿಂದ ಬಸ್ಸಿಗೆ ಹೋಗುವ ರಾಮಮ್ಮ ನಂಬಿಕೊಂಡು ಬಂದರೆ, ಎರಡರ ಮೇಲೂ ಟವಲು! ಬಸ್ಸಿನಲ್ಲಿ ಸೀಟು ಹಿಡಿಯುವಂತೆ ಯಾರೋ ಹಿಡಿದಿಟ್ಟಿದ್ದರು. ಟವಲು ಬಿದ್ದ ಮೇಲೆ ಈ ಕಡೆ ಯಾರೂ ಮುಟ್ಟುವುದಿಲ್ಲ. ರಾಮಮ್ಮ ನಡೆದು ನಿಲ್ದಾಣ ಸೇರುವಷ್ಟರಲ್ಲಿ ಮೊದಲ ಬಸ್ಸು ಹೋಗಿತ್ತು. ಹಾಸ್ಟೆಲಿನ ಮಕ್ಕಳು ಅಂದು ತಿಂಡಿಯಿಲ್ಲದೆ ಶಾಲೆಗೆ ಹೋದರು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ವಾರ್ಡನ್ ಖಡಾಖಂಡಿತವಾಗಿ ಹೇಳಿದರು.

"'ಬುಡವ್ವ, ನೀನೇನ್ ಬೇಕಂತ ಮಾಡಿದ್ಯಾ' ಅಂದ್ರು ರಾಮಮ್ಮಕ್ಕ. ಬೈದಿದ್ರೇ ಚೆಂದಾಗಿತ್ತು ಸಾ," ಎನ್ನುತ್ತಾರೆ ಯಶೋದ.

ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ ಇಟ್ಟಿರುವ ಚಿಕ್ಕಮಾದಪ್ಪನವರದು ಒಂದೇ ಮಾತು. "ಟವಲ್ ಕಿತ್ ಬಿಸಾಕು ಅಂದೆ ಕಣ್ರಿ. ಕೇಳ್ನಿಲ್ಲ."

"ಟವಲ್ ಆಕೋರ್ಗೂ ಒಂದ್ ಬಸ್ ಇರ್ತದಲ್ವಾ?" ಎಂದು ಯಶೋದ ತಿರುಗಿ ಕೇಳುತ್ತಾರೆ. "ಊರ್ನ ಬದ್ಲಾಯ್ಸಕಾಯ್ತದಾ? ನನ್ ಲೆಕ್ಕನೇ ಬದ್ಲಾಯ್ಸ್ಕಬೇಕು."

ಈಗ ಪುಟದಲ್ಲಿ ಮೂರು ಕಲಂಗಳಿವೆ: ಇದೆ, ಹಿಡಿದಿದೆ, ಪಂಕ್ಚರ್. ಟವಲು ಬಿದ್ದಾಗ ಮೊಬೈಲಿನಲ್ಲಿ 'ಹಿಡಿದಿದೆ' ಎಂದು ಒತ್ತುವ ಕೆಲಸವನ್ನು ಚಿಕ್ಕಮಾದಪ್ಪ ಗೊಣಗುತ್ತಲೇ ಒಪ್ಪಿದ್ದಾರೆ. ಉಳಿದ ಕಡೆಗಳಲ್ಲೂ ಅಂಥ ಒಬ್ಬೊಬ್ಬರು ಸಿಕ್ಕಿದ್ದಾರೆ. ಪುಟ ಬೇಗ ಬಿಡಿ ಎಂದು ಬಳಗದವರು ದುಂಬಾಲು ಬಿದ್ದರೂ ಯಶೋದ ಜಪ್ಪಯ್ಯ ಎನ್ನುತ್ತಿಲ್ಲ. ಸದ್ಯಕ್ಕೆ, ಒತ್ತುವವರನ್ನು ಬಿಟ್ಟರೆ, ಅದು ತೆರೆದುಕೊಳ್ಳುವುದು ಒಬ್ಬರ ಮೊಬೈಲಿನಲ್ಲಿ ಮಾತ್ರ.

"ರಾಮಮ್ಮಕ್ಕ ಅದ್ನೇ ನೋಡ್ಕಂಡು ಒಂದ್ ತಿಂಗ್ಳು ಬಸ್ ತಪ್ಪುಸ್ಕಬಾರ್ದು. ಆಮೇಲೆ ಊರ್ಗೆ ಕೊಡ್ತೀನಿ. ಇವತ್ಗೆ ಹತ್ತೊಂಬತ್ ದಿನ ಆಯ್ತು ಸಾ."